ಸಂಜೆ ಆರೂವರೆಯ ಮೀಟಿಂಗ್: ಕಡಲಾಚೆಯ ಕೋಡ್ ಕೆಲಸ ಕೊಡಗಿಗೆ ಬಂದ ದಾರಿ

ನ್ಯೂಯಾರ್ಕಿನಲ್ಲಿ ಬೆಳಿಗ್ಗೆ ಒಂಬತ್ತಾದಾಗ ಮಡಿಕೇರಿಯಲ್ಲಿ ಸಂಜೆ ಆರೂವರೆ. ಅವರ ಚಳಿಗಾಲದಲ್ಲಿ ಏಳೂವರೆ. ಕಕ್ಕಡದ (ಕೊಡಗಿನ ಜುಲೈ-ಆಗಸ್ಟ್ ತಿಂಗಳು) ಮಳೆಯಲ್ಲಿ ಕರೆಂಟ್ ಹೋಗುವುದೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ.

ಮೊದಮೊದಲು ಗಡಿಯಾರದ ಈ ಗೋಜು ಇರಲಿಲ್ಲ. ಕೆಲಸ ಇಲ್ಲಿಗೆ ಬರುತ್ತಿರಲಿಲ್ಲ, ಜನರೇ ವಿಮಾನ ಹತ್ತುತ್ತಿದ್ದರು. ‘ಬಾಡಿ ಶಾಪಿಂಗ್’ ಅಂತಲೇ ಅದಕ್ಕೆ ಹೆಸರು. ದಿಕ್ಕು ಬದಲಾದದ್ದು 1985ರಲ್ಲಿ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು ತನ್ನದೇ ಉಪಗ್ರಹ ಸಂಪರ್ಕ ಹಾಕಿಸಿದಾಗ. 1991ರಲ್ಲಿ ಸರ್ಕಾರದ ಸಾಫ್ಟ್‌ವೇರ್ ಪಾರ್ಕ್ ಸಂಸ್ಥೆ ಎಸ್‌ಟಿಪಿಐ ಶುರುವಾದ ಮೇಲೆ ಸಣ್ಣ ಕಂಪನಿಗಳಿಗೂ ಅಂಥ ಲಿಂಕ್ ಎಟುಕಿತು. ಆಮೇಲೆ ವೈ-ಟೂ-ಕೆ, ಅಂದರೆ 2000ನೇ ಇಸವಿಯ ಸಮಸ್ಯೆ: ಹಳೆಯ ಕೋಡ್‌ನಲ್ಲಿದ್ದ ಎರಡಂಕಿಯ ಇಸವಿಯನ್ನು ಹುಡುಕಿ ಹುಡುಕಿ ಸರಿಪಡಿಸುವ ಬೇಸರದ ಕೆಲಸ. ಆದರೆ ಏನು ಮಾಡಬೇಕೆಂಬುದು ಸ್ಪಷ್ಟವಿತ್ತು, ಸರಿಯೋ ತಪ್ಪೋ ಪರೀಕ್ಷಿಸಿ ನೋಡಬಹುದಿತ್ತು. ದೂರದವರಿಗೆ ಕೊಡಬಹುದಾದ ಕೆಲಸದ ಲಕ್ಷಣ ಇಂದಿಗೂ ಅಷ್ಟೇ. ತನಗೇನು ಬೇಕೆಂದು ಗಿರಾಕಿಗೇ ತಿಳಿಯದ ಆ್ಯಪನ್ನು ಹೊರಗೆ ಕೊಟ್ಟರೆ, ದರದಲ್ಲಿ ಉಳಿದದ್ದು ತಿದ್ದುಪಡಿಯಲ್ಲಿ ಕರಗುತ್ತದೆ.

2020ರ ಲಾಕ್‌ಡೌನ್ ಈ ಕೆಲಸವನ್ನು ಊರಮನೆಗಳಿಗೆ ತಂದಿತು. ಇಲ್ಲಿ ಇನ್ವರ್ಟರ್ ಇದ್ದರೆ ಸಾಲದು. 150 ಆಂಪಿಯರ್-ಅವರ್ ಬ್ಯಾಟರಿ ಲ್ಯಾಪ್‌ಟಾಪು, ರೂಟರ್‌ಗಳನ್ನು ರಾತ್ರಿಯಿಡೀ ಎಳೆದೀತು. ಅಷ್ಟರೊಳಗೆ ಹತ್ತಿರದ ಟವರಿನ ಬ್ಯಾಟರಿಯೇ ಬರಿದಾಗಿರುತ್ತದೆ. ಎರಡು ಕಂಪನಿಗಳ ಫೈಬರ್ ಹಾಕಿಸಿಕೊಂಡವರೂ ಕಂಬ ನೋಡುವುದು ಒಳ್ಳೆಯದು. ಎರಡೂ ಕೇಬಲ್ ಒಂದೇ ಕಂಬದ ಮೇಲಿದ್ದರೆ, ಸಿಲ್ವರ್ ಓಕ್ ಮರವೊಂದು ಬಿದ್ದರೆ ಎರಡೂ ಹೋದವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಡುವಿನಲ್ಲಿ ವಾರಕ್ಕೊಂದು ದಿನ ಬಿಡುವಿಟ್ಟು ಮೊದಲೇ ಹೇಳಿಬಿಡಿ. ಗಿರಾಕಿಗೆ ಕಸಿವಿಸಿಯಾಗುವುದು ಮಳೆಯಿಂದಲ್ಲ, ಮೌನದಿಂದ.

ಅಮೆರಿಕದ ಗಿರಾಕಿ ಹಿಂದೆಮುಂದೆ ನೋಡಿದರೆ ತೆರಿಗೆಯೂ ಕಾರಣವಿರಬಹುದು. 2017ರ ಅಲ್ಲಿನ ಕಾನೂನಿನ ಪ್ರಕಾರ, 2022ರಿಂದ ಹೊರದೇಶದಲ್ಲಿ ಸಾಫ್ಟ್‌ವೇರ್ ಮಾಡಿಸಿದ ಖರ್ಚನ್ನು ತೆರಿಗೆ ಲೆಕ್ಕದ ಆದಾಯದಿಂದ 15 ವರ್ಷಕ್ಕೆ ಹಂಚಿ ಕಳೆಯಬೇಕು. ಮೊದಲ ವರ್ಷ ಸಿಗುವುದು ಅರ್ಧ ಕಂತು ಮಾತ್ರ: 30,000 ಡಾಲರ್ ಕೊಟ್ಟರೆ ಆ ವರ್ಷದ ಲೆಕ್ಕಕ್ಕೆ ಬರುವುದು 1,000. 2025ರಲ್ಲಿ ಸ್ವದೇಶಿ ಖರ್ಚಿಗೆ ಈ ಕಟ್ಟು ಸಡಿಲವಾಯಿತು, ಹೊರದೇಶದ್ದು ಹಾಗೇ ಉಳಿಯಿತು.

ಒಪ್ಪಂದದಲ್ಲಿ ಹೆಚ್ಚಿನವರು ಎಡವುವುದು ಹಕ್ಕಿನ ವಿಷಯದಲ್ಲಿ. ನಮ್ಮ 1957ರ ಕಾಪಿರೈಟ್ ಕಾಯ್ದೆಯಂತೆ ನೌಕರ ಕೆಲಸದ ಭಾಗವಾಗಿ ಬರೆದ ಕೋಡ್ ಸಾಮಾನ್ಯವಾಗಿ ಮಾಲೀಕನದು. ಫ್ರೀಲಾನ್ಸ್ ಆಗಿ ಬರೆದದ್ದು ಲಿಖಿತವಾಗಿ ವರ್ಗಾಯಿಸುವ ತನಕ ಬರೆದವರದೇ. ವರ್ಗಾವಣೆ ಪತ್ರದಲ್ಲಿ ಅವಧಿ ಬರೆಯದಿದ್ದರೆ 19ನೇ ಸೆಕ್ಷನ್ ಪ್ರಕಾರ ಅದು ಐದೇ ವರ್ಷಕ್ಕೆ; ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಶಿಕಾಗೋದ ಗಿರಾಕಿ ಪೂರ್ತಿ ಹಣ ಕೊಟ್ಟು, ಶಿಕಾಗೋದಲ್ಲೇ ಹಕ್ಕಿಲ್ಲದೆ ಕೂರಬೇಕಾದೀತು. ‘ಪ್ರಪಂಚದಾದ್ಯಂತ, ಕಾಪಿರೈಟಿನ ಪೂರ್ತಿ ಅವಧಿಗೆ’ ಎಂದು ಬರೆಯಿರಿ. ಪಡೆದವರು ಒಂದು ವರ್ಷ ಬಳಸದಿದ್ದರೂ ಹಕ್ಕು ಬಿದ್ದುಹೋಗದು ಎಂಬುದನ್ನೂ ಸೇರಿಸಿ. ‘ಹಣ ಕೈಸೇರಿದ ಮೇಲೆಯೇ ವರ್ಗಾವಣೆ’ ಎಂಬ ಸಾಲು ಕೋಡ್ ಬರೆದವರ ರಕ್ಷಣೆಗೆ.

ಶುರುವಿಗೆ ಗಿರಾಕಿ ಎರಡು ವಾರದ ಕೆಲಸದ ತುಣುಕೊಂದನ್ನು ಹಣ ಕೊಟ್ಟೇ ಮಾಡಿಸಲಿ. ಕೋಡ್ ಕೂಡಿಡುವ ರೆಪಾಸಿಟರಿ ಮೊದಲ ದಿನದಿಂದ ಗಿರಾಕಿಯ ಖಾತೆಯಲ್ಲಿರಲಿ. ಕೊನೆಯ ಕಂತಿಗೆ ಮುಂಚೆ ಬೇರೊಬ್ಬರು ಹೊಸ ಕಂಪ್ಯೂಟರಿನಲ್ಲಿ, ಬರೆದಿಟ್ಟ ಸೂಚನೆಗಳನ್ನಷ್ಟೇ ನೋಡಿಕೊಂಡು ಆ ಕೋಡನ್ನು ಓಡಿಸಬೇಕು. ಸಾಮಾನ್ಯವಾಗಿ ಅಲ್ಲೇ ಗೊತ್ತಾಗುವುದು: ಡೇಟಾಬೇಸಿನ ಪಾಸ್‌ವರ್ಡ್ ಇರುವುದು ವಿರಾಜಪೇಟೆಯ ಯಾರದೋ ಲ್ಯಾಪ್‌ಟಾಪಿನಲ್ಲಿ, ಡೊಮೇನ್ (ವೆಬ್ ವಿಳಾಸ) ನೋಂದಣಿ ಅವರದೇ ಜಿಮೇಲಿನಲ್ಲಿ.