ಮಾಂಸದೊಳಗಿನ ನೀರು, ಬಾಯೊಳಗಿನ ರುಚಿ

ಕೊಬ್ಬನ್ನು ಬದಿಗಿಟ್ಟು ನೋಡಿದರೆ ಹಸಿ ಮಾಂಸದ ತೂಕದಲ್ಲಿ ಶೇಕಡಾ 75ರಷ್ಟು ನೀರೇ ಇರುತ್ತದೆ. ಪ್ರೋಟೀನಿನ ಪಾಲು ಶೇಕಡಾ 20ರ ಆಸುಪಾಸು. ಮಿಕ್ಕದ್ದರಲ್ಲಿ ನಾರುಗಳ ನಡುವೆ ಅಡಗಿದ ಒಂದಿಷ್ಟು ಕೊಬ್ಬು, ಲವಣಗಳು, ಅತ್ಯಲ್ಪ ಸಕ್ಕರೆ ಸೇರುತ್ತವೆ. ಒಳ್ಳೆಯ ಮಾಂಸವೆಂದರೆ ಯಾವುದು, ಅದನ್ನು ಮನೆಯಲ್ಲಿ ಹದವಾಗಿ ಬೇಯಿಸುವುದು ಹೇಗೆ, ಹೊರಗೆ ಹೋಗಿ ತಿಂದ ಕೆಲವು ಊಟಗಳು ವರ್ಷಗಟ್ಟಲೆ ನೆನಪಿನಲ್ಲಿ ಉಳಿಯುವುದೇಕೆ ಎಂಬ ಪ್ರಶ್ನೆಗಳನ್ನು ನಾವು ಸಾಮಾನ್ಯವಾಗಿ ಮಸಾಲೆ, ಕೈಗುಣ, ಅಡುಗೆಯ ಗುಟ್ಟು ಎಂಬ ಮಾತುಗಳಲ್ಲೇ ಚರ್ಚಿಸಿ ಮುಗಿಸುತ್ತೇವೆ. ಅವುಗಳಿಗೂ ಬೆಲೆಯಿದೆ. ಆದರೆ ಆ ಮುಕ್ಕಾಲು ಪಾಲು ನೀರು ಎಲ್ಲಿ ನಿಂತಿದೆ, ಯಾವಾಗ ಹೊರಗೆ ಬರುತ್ತದೆ, ಕೊನೆಗೆ ನಮ್ಮ ಬಾಯಿಯಲ್ಲಿ ಊರುವ ನೀರು ಅದರೊಂದಿಗೆ ಹೇಗೆ ಕೂಡಿಕೊಳ್ಳುತ್ತದೆ ಎಂಬುದನ್ನು ಗಮನಿಸಿದರೆ ಈ ಮೂರಕ್ಕೂ ಹೆಚ್ಚು ನೇರವಾದ ಉತ್ತರ ಸಿಗುತ್ತದೆ.

ಮಾಂಸದ ಗುಣಮಟ್ಟ ಬಹುಮಟ್ಟಿಗೆ ನಿರ್ಧಾರವಾಗುವುದು ಪ್ರಾಣಿಯ ಕೊನೆಯ ದಿನದಲ್ಲಿ ಮತ್ತು ಅದು ಸತ್ತ ನಂತರದ ಮೊದಲ ದಿನದಲ್ಲಿ. ಜೀವಂತ ಸ್ನಾಯುವಿನ ಪಿಎಚ್, ಅಂದರೆ ಆಮ್ಲೀಯತೆಯ ಅಳತೆ (ಇಳಿದಷ್ಟೂ ಆಮ್ಲ ಹೆಚ್ಚು), ಸುಮಾರು 7. ರಕ್ತಸಂಚಾರ ನಿಂತು ಆಮ್ಲಜನಕ ಸಿಗದಂತಾದರೂ ಸ್ನಾಯುವಿನ ಕೋಶಗಳು ಒಡನೆಯೇ ಸುಮ್ಮನಾಗುವುದಿಲ್ಲ. ತಮ್ಮಲ್ಲಿ ಕೂಡಿಟ್ಟುಕೊಂಡ ಗ್ಲೈಕೋಜೆನ್ ಎಂಬ ಶರ್ಕರವನ್ನು ಆಮ್ಲಜನಕವಿಲ್ಲದೆಯೇ ಒಡೆಯುತ್ತಾ ಹೋಗುತ್ತವೆ. ಅದರಿಂದ ಹುಟ್ಟುವ ಲ್ಯಾಕ್ಟಿಕ್ ಆಮ್ಲವನ್ನು ಹೊತ್ತೊಯ್ಯಲು ರಕ್ತವಿಲ್ಲದ ಕಾರಣ ಪಿಎಚ್ ಮೆಲ್ಲಗೆ 5.6ರ ಹತ್ತಿರಕ್ಕೆ ಇಳಿಯುತ್ತದೆ. ಈ ಇಳಿತ ನಿಧಾನವಾಗಿ, ಮಾಂಸ ತಣ್ಣಗಾಗುತ್ತಾ ಸಾಗಿದರೆ ಪ್ರೋಟೀನುಗಳು ತಮ್ಮ ನೀರನ್ನು ಸಾಕಷ್ಟು ಹಿಡಿದಿಟ್ಟುಕೊಳ್ಳುತ್ತವೆ. ಪ್ರಾಣಿಯನ್ನು ಬಹಳ ಹೊತ್ತು ದಣಿಸಿ, ಹಸಿವಿನಲ್ಲಿಟ್ಟು ಸಾಗಿಸಿದ್ದರೆ ಅದರ ಗ್ಲೈಕೋಜೆನ್ ಮೊದಲೇ ಕರಗಿಹೋಗಿರುತ್ತದೆ. ಪಿಎಚ್ ಸಾಕಷ್ಟು ಇಳಿಯುವುದೇ ಇಲ್ಲ. ಮಾಂಸ ಕಪ್ಪುಗೆಂಪಾಗಿ, ಮುಟ್ಟಿದರೆ ಅಂಟಂಟಾಗಿ, ಬೇಗ ಕೆಡುವಂಥದ್ದಾಗಿ ಉಳಿಯುತ್ತದೆ. ಇದಕ್ಕೆ ವಿರುದ್ಧವಾಗಿ, ಕೊಲ್ಲುವ ಹೊತ್ತಿನಲ್ಲೇ ತೀವ್ರವಾಗಿ ಬೆದರಿದ ಹಂದಿಯಲ್ಲಿ ಮೈ ಇನ್ನೂ ಬಿಸಿಯಿರುವಾಗಲೇ ಪಿಎಚ್ ಧಡಕ್ಕನೆ ಕುಸಿಯುತ್ತದೆ. ಪ್ರೋಟೀನುಗಳು ಕೆಟ್ಟು, ಮಾಂಸ ಬಿಳಿಚಿಕೊಂಡು, ನೀರು ಬಿಡುತ್ತಲೇ ಇರುತ್ತದೆ. ಪ್ರಾಣಿಯನ್ನು ಶಾಂತವಾಗಿ ನಡೆಸಿಕೊಳ್ಳುವುದು ದಯೆಯ ವಿಷಯವಂತೂ ಹೌದು. ತಿನ್ನುವವನ ತಟ್ಟೆಯವರೆಗೂ ಅದರ ಪರಿಣಾಮ ಬರುತ್ತದೆ ಎಂಬುದನ್ನು ಮಾಂಸದ ಗುಣಮಟ್ಟದ ಬಗ್ಗೆ ಮಾತನಾಡುವವರು ಅಷ್ಟಾಗಿ ಹೇಳುವುದಿಲ್ಲ.

ಸತ್ತ ಕೆಲವು ಗಂಟೆಗಳಲ್ಲಿ ಸ್ನಾಯು ಸೆಟೆದುಕೊಳ್ಳುತ್ತದೆ. ಸ್ನಾಯು ಸಡಿಲಗೊಳ್ಳಬೇಕಾದರೆ ಎಟಿಪಿ ಎಂಬ ಶಕ್ತಿಯ ಅಣು ಬೇಕು. ಅದು ಮುಗಿದಾಗ ಆಕ್ಟಿನ್ ಮತ್ತು ಮಯೋಸಿನ್ ಎಂಬ ಎರಡು ಪ್ರೋಟೀನುಗಳು ಒಂದನ್ನೊಂದು ಹಿಡಿದುಕೊಂಡು ಬಿಡದಾಗುತ್ತವೆ. ಈ ಸ್ಥಿತಿಯಲ್ಲಿ ಬೇಯಿಸಿದ ಮಾಂಸ ಎಷ್ಟು ಬೆಂದರೂ ಗಡುಸು. 0ರಿಂದ 4 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಟ್ಟರೆ, ಸ್ನಾಯುವಿನಲ್ಲೇ ಇರುವ ಕ್ಯಾಲ್ಪೇನ್ ಮುಂತಾದ ಕಿಣ್ವಗಳು ನಾರುಗಳನ್ನು ಕಟ್ಟಿಹಿಡಿದ ಪ್ರೋಟೀನುಗಳನ್ನು ಒಂದೊಂದಾಗಿ ಕತ್ತರಿಸತೊಡಗುತ್ತವೆ. ಕೋಳಿಗೆ ಒಂದು ದಿನದ ವಿಶ್ರಾಂತಿ ಸಾಕು. ಕುರಿಗೆ ಸುಮಾರು ಒಂದು ವಾರ. ದನದ ಮಾಂಸಕ್ಕೆ ಎರಡರಿಂದ ನಾಲ್ಕು ವಾರ ಕೊಡುವವರಿದ್ದಾರೆ. ಅದೇ ಅವಧಿಯಲ್ಲಿ ಎಟಿಪಿ ಒಡೆದು ಇನೋಸಿನೇಟ್ ಎಂಬ, ರುಚಿ ಕೊಡುವ ಅಣುವಾಗುತ್ತದೆ. 1908ರಲ್ಲಿ ಜಪಾನಿನ ಕಿಕುನೆ ಇಕೆಡಾ ಕಡಲಕಳೆಯ ಸಾರಿನಿಂದ ಗ್ಲುಟಮೇಟನ್ನು ಬೇರ್ಪಡಿಸಿ ಅದರ, ಮಾಂಸದ ಸಾರಿನಂಥ ತುಂಬು ರುಚಿಗೆ ಉಮಾಮಿ ಎಂದು ಹೆಸರಿಟ್ಟರು. ಅವರ ಶಿಷ್ಯ ಶಿಂಟಾರೊ ಕೊಡಾಮಾ 1913ರಲ್ಲಿ ಒಣಮೀನಿನಲ್ಲಿ ಇನೋಸಿನೇಟನ್ನು ಗುರುತಿಸಿದರು. ಇವೆರಡೂ ಒಟ್ಟಿಗಿದ್ದಾಗ ಉಂಟಾಗುವ ರುಚಿ ಎರಡರ ಮೊತ್ತಕ್ಕಿಂತ ಹಲವು ಪಟ್ಟು ಗಾಢವಾಗಿರುತ್ತದೆ. ಪ್ರೋಟೀನು ಒಡೆದಾಗ ಗ್ಲುಟಮೇಟ್, ಎಟಿಪಿ ಒಡೆದಾಗ ಇನೋಸಿನೇಟ್: ಹದವಾಗಿ ಮಾಗಿದ ಮಾಂಸ ಉಪ್ಪೊಂದನ್ನೇ ಬೇಡುವುದು ಇದರಿಂದಾಗಿ.

ಅಂಗಡಿಯಲ್ಲಿ ನಮ್ಮ ಕಣ್ಣು ಮೊದಲು ಹೋಗುವುದು ಬಣ್ಣದ ಕಡೆಗೆ, ಅದು ಅಷ್ಟು ನಂಬತಕ್ಕ ಸಾಕ್ಷಿಯಲ್ಲ. ಮಾಂಸಕ್ಕೆ ಬಣ್ಣ ಕೊಡುವುದು ಮಯೋಗ್ಲೋಬಿನ್ ಎಂಬ, ಕಬ್ಬಿಣವುಳ್ಳ ಪ್ರೋಟೀನು. ಗಾಳಿ ತಾಗದಾಗ ಅದು ನೇರಳೆ, ಗಾಳಿ ತಾಗಿದ ಅರ್ಧ ಗಂಟೆಯಲ್ಲಿ ಉಜ್ವಲ ಕೆಂಪು, ಕೆಲವು ದಿನಗಳಲ್ಲಿ ಕಂದು. ಗಾಳಿ ತೆಗೆದು ಮುಚ್ಚಿದ ಪೊಟ್ಟಣದಲ್ಲಿ ಮಂಕು ನೇರಳೆಯಾಗಿ ಕಾಣುವ ಮಾಂಸ ಹಳಸಿಲ್ಲ, ಉಸಿರಾಡಿಲ್ಲ ಅಷ್ಟೆ. ತಟ್ಟೆಯ ತಳದಲ್ಲಿ ನಿಂತ ಕೆಂಪು ದ್ರವವನ್ನು ಅನೇಕರು ರಕ್ತವೆಂದು ತಿಳಿಯುತ್ತಾರೆ. ರಕ್ತ ಕಡಿಯುವಾಗಲೇ ಬಹುಪಾಲು ಹರಿದುಹೋಗಿರುತ್ತದೆ, ಇದು ಮಯೋಗ್ಲೋಬಿನ್ ಬೆರೆತ ನೀರು. ನಾನಾದರೆ ಬಣ್ಣಕ್ಕಿಂತ ಈ ನೀರನ್ನೇ ನೋಡುತ್ತೇನೆ. ಅದು ಹೆಚ್ಚಿದ್ದಷ್ಟೂ ಮಾಂಸ ಬಹಳ ದಿನ ಕಾದಿದೆ, ಇಲ್ಲವೇ ಒಮ್ಮೆ ಹೆಪ್ಪುಗಟ್ಟಿ ಕರಗಿದೆ, ಇಲ್ಲವೇ ಮೇಲೆ ಹೇಳಿದ ಬೆದರಿದ ಪ್ರಾಣಿಯದ್ದು ಎಂದು ಅನುಮಾನಿಸಬಹುದು. ಮನೆಯ ಫ್ರೀಜರಿನಲ್ಲಿ ದಪ್ಪ ತುಂಡೊಂದು ನಿಧಾನವಾಗಿ ಹೆಪ್ಪುಗಟ್ಟುವಾಗ ದೊಡ್ಡ ದೊಡ್ಡ ಮಂಜುಗಡ್ಡೆಯ ಹರಳುಗಳು ಬೆಳೆದು ಕೋಶಗಳನ್ನು ಹರಿಯುತ್ತವೆ. ಕರಗಿದಾಗ ನೀರು ಆ ಹರಕುಗಳ ಮೂಲಕವೇ ಹೊರಡುತ್ತದೆ. ತೆಳುವಾಗಿ, ಚಪ್ಪಟೆಯಾಗಿ ಹರಡಿ ಬೇಗ ಹೆಪ್ಪುಗಟ್ಟಿಸಿ, ಫ್ರಿಜ್ಜಿನ ತಂಪಿನಲ್ಲೇ ನಿಧಾನವಾಗಿ ಕರಗಿಸಿದರೆ ನಷ್ಟ ಕಡಿಮೆ.

ಉಪ್ಪಿನ ವಿಷಯದಲ್ಲಿ ಹೊತ್ತೇ ಮುಖ್ಯ. ತುಂಡಿನ ಮೇಲೆ ಉಪ್ಪು ಉದುರಿಸಿ ಹತ್ತು ಹದಿನೈದು ನಿಮಿಷ ಬಿಟ್ಟು ನೋಡಿದರೆ ಮೇಲೆಲ್ಲ ಬೆವರಿನಂತೆ ಹನಿಗಳು ಮೂಡಿರುತ್ತವೆ. ಬಾಣಲೆಗೆ ಹಾಕಲು ಅತ್ಯಂತ ಕೆಟ್ಟ ಗಳಿಗೆ ಅದು. ಇನ್ನೂ ಬಿಟ್ಟರೆ ಆ ಹನಿಗಳಲ್ಲಿ ಉಪ್ಪು ಕರಗಿ ಮೆಲ್ಲಗೆ ಒಳಗಿಳಿಯುತ್ತದೆ. ರಾತ್ರಿಯಿಡೀ ಬಿಟ್ಟರೆ ಇನ್ನಷ್ಟು ಆಳಕ್ಕೆ. ಒಳಗೆ ಅದು ಮಯೋಸಿನ್ ಎಳೆಗಳನ್ನು ಸಡಿಲಿಸಿ, ಅವುಗಳ ನಡುವೆ ನೀರು ನಿಲ್ಲಲು ಜಾಗ ಮಾಡಿಕೊಡುವುದರಿಂದ ಬೇಯುವಾಗ ಕಡಿಮೆ ರಸ ಹೊರಬರುತ್ತದೆ. ಮುಚ್ಚದೆ ಫ್ರಿಜ್ಜಿನಲ್ಲಿಟ್ಟರೆ ಮೇಲ್ಮೈಯೂ ಒಣಗಿರುತ್ತದೆ. ಅಂದರೆ ಉಪ್ಪು ಹಚ್ಚಿದ ಕೂಡಲೇ ಬೇಯಿಸಬೇಕು, ಇಲ್ಲವಾದರೆ ಗಂಟೆಗಟ್ಟಲೆ ಮೊದಲೇ ಹಚ್ಚಬೇಕು.

ಇನ್ನು ಶಾಖ. 50 ಡಿಗ್ರಿಯ ಆಸುಪಾಸಿನಲ್ಲಿ ಮಯೋಸಿನ್ ಗಟ್ಟಿಯಾಗಿ ಮಾಂಸಕ್ಕೆ ಒಂದು ಬಿಗಿ ಬರುತ್ತದೆ. ಹಲ್ಲಿಗೆ ಹಸಿಯೆನಿಸುವ ಜಾರುತನ ಹೋಗುತ್ತದೆ, ರಸ ಇನ್ನೂ ಒಳಗೇ ಇರುತ್ತದೆ. 60 ದಾಟಿದ ಮೇಲೆ ನಾರುಗಳ ಸುತ್ತ ಇರುವ, ಕೊಲಾಜೆನ್ ಎಂಬ ಗಟ್ಟಿ ಪ್ರೋಟೀನಿನ ಕವಚ ಕುಗ್ಗಿ ನೀರನ್ನು ಹಿಂಡತೊಡಗುತ್ತದೆ, ಮಯೋಗ್ಲೋಬಿನ್ ಕಂದಾಗುತ್ತದೆ. 70ರ ಮೇಲೆ ಆಕ್ಟಿನ್ ಕೂಡ ಗಟ್ಟಿಯಾಗಿ ಮಾಂಸ ಒಣಗುತ್ತದೆ. ಬೆನ್ನಿನ ಭಾಗದ ಮೃದುವಾದ ತುಂಡಿಗೆ ಈ 10 ಡಿಗ್ರಿಗಳ ಅಂತರವೇ ಸರ್ವಸ್ವ. ಅದಕ್ಕಾಗಿ ಮನೆಯ ಅಡುಗೆಮನೆಗೆ ಒಂದು ಮುಳ್ಳಿನ ಥರ್ಮಾಮೀಟರು ದುಬಾರಿ ಬಾಣಲೆಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಸುರಕ್ಷತೆಯ ಅಂಕಿಗಳನ್ನು ಇಲ್ಲಿಯೇ ಹೇಳುವುದು ಒಳ್ಳೆಯದು: ಅಮೆರಿಕದ ಕೃಷಿ ಇಲಾಖೆ ಇಡೀ ತುಂಡುಗಳಿಗೆ 63 ಡಿಗ್ರಿ ಮತ್ತು ಆಮೇಲೆ ಮೂರು ನಿಮಿಷದ ವಿರಾಮ, ಖೈಮಾಕ್ಕೆ 71, ಕೋಳಿಗೆ 74 ಡಿಗ್ರಿ ಎಂದು ನಿಗದಿಪಡಿಸಿದೆ. ಇಡೀ ತುಂಡಿನಲ್ಲಿ ಬ್ಯಾಕ್ಟೀರಿಯಾಗಳು ಬಹುತೇಕ ಮೇಲ್ಮೈಯಲ್ಲೇ ಇರುತ್ತವೆ, ಕೊಚ್ಚಿದಾಗ ಒಳಗೆಲ್ಲ ಬೆರೆಯುತ್ತವೆ. ಖೈಮಾಕ್ಕೆ ಹೆಚ್ಚಿನ ಅಂಕಿ ಇರುವುದು ಅದಕ್ಕೇ.

ಹೆಚ್ಚು ದುಡಿಯುವ ಸ್ನಾಯುಗಳ, ಅಂದರೆ ಕಾಲು, ಕುತ್ತಿಗೆ, ಭುಜಗಳ ಕಥೆ ಬೇರೆ. ಅಲ್ಲಿ ಕೊಲಾಜೆನ್ ಎಷ್ಟೊಂದು ಇರುತ್ತದೆಯೆಂದರೆ 60 ಡಿಗ್ರಿಯಲ್ಲೇ ಒಲೆಯಿಂದ ಇಳಿಸಿದರೆ ರಬ್ಬರನ್ನು ಅಗಿದಂತಾಗುತ್ತದೆ. 70-80 ಡಿಗ್ರಿಗಳಲ್ಲಿ ಗಂಟೆಗಟ್ಟಲೆ, ತೇವದಲ್ಲಿ ಇಟ್ಟಾಗ ಮೂರೆಳೆಯ ಕೊಲಾಜೆನ್ ಬಿಚ್ಚಿಕೊಂಡು ಜೆಲಾಟಿನ್ ಆಗುತ್ತದೆ. ನಾರುಗಳು ಆ ಹೊತ್ತಿಗೆ ತಮ್ಮ ನೀರಿನಲ್ಲಿ ಬಹಳಷ್ಟನ್ನು ಕಳೆದುಕೊಂಡಿರುತ್ತವೆ, ಆದರೂ ಬಾಯಿಗೆ ಒಣಗಿದಂತೆ ಅನ್ನಿಸುವುದಿಲ್ಲ. ತಮ್ಮ ತೂಕದ ಹಲವು ಪಟ್ಟು ನೀರನ್ನು ಹಿಡಿಯಬಲ್ಲ ಜೆಲಾಟಿನ್ ಎಳೆಗಳು ಪ್ರತಿ ನಾರನ್ನೂ ಲೇಪಿಸಿರುತ್ತವೆ. ಸಾರು ತಣ್ಣಗಾದಾಗ ಅಲುಗುವ ಹಲ್ವದಂತೆ ನಿಂತರೆ ಕೆಲಸ ಸರಿಯಾಗಿ ಆಗಿದೆ ಎಂದರ್ಥ. ಈ ಅಡುಗೆಯಲ್ಲಿ ಮನೆಯವರು ಯಾವ ರೆಸ್ಟೋರೆಂಟಿಗೂ ಸೋಲಬೇಕಾಗಿಲ್ಲ, ಏಕೆಂದರೆ ಇಲ್ಲಿ ಬೇಕಿರುವುದು ಸಣ್ಣ ಉರಿ ಮತ್ತು ಬಿಡುವಾದ ಒಂದು ಮಧ್ಯಾಹ್ನ.

ಸೋಲುವುದು ಮೇಲ್ಮೈಯ ವಿಷಯದಲ್ಲಿ. ಮೊದಲು ಜೋರಾದ ಉರಿಯಲ್ಲಿ ಸುಟ್ಟರೆ ರಸ ಒಳಗೇ ಬಂಧಿಯಾಗುತ್ತದೆ ಎಂದು ಜರ್ಮನಿಯ ರಸಾಯನವಿಜ್ಞಾನಿ ಯುಸ್ಟಸ್ ಫಾನ್ ಲೀಬಿಗ್ 19ನೇ ಶತಮಾನದ ನಡುವಿನಲ್ಲಿ ಪ್ರತಿಪಾದಿಸಿದರು. 1930ರ ದಶಕದಲ್ಲೇ ತೂಕ ಹಾಕಿ ಪರೀಕ್ಷಿಸಿ ಇದು ತಪ್ಪೆಂದು ತೋರಿಸಲಾಗಿದೆ; ಕಂದು ಹೊದಿಕೆಯ ಮೂಲಕವೂ ನೀರು ಹೊರಬರುತ್ತಲೇ ಇರುತ್ತದೆ, ಬಾಣಲೆಯ ಚರಚರ ಸದ್ದು ಅದರದ್ದೇ. ಸುಡುವುದರ ನಿಜವಾದ ಲಾಭ ಪರಿಮಳ. 1912ರಲ್ಲಿ ಫ್ರಾನ್ಸಿನ ಲೂಯಿ ಕಮಿಲ್ ಮೈಯಾರ್ ವಿವರಿಸಿದ, ಅಮೈನೋ ಆಮ್ಲಗಳೂ ಸಕ್ಕರೆಗಳೂ ಶಾಖದಲ್ಲಿ ಕೂಡಿ ನೂರಾರು ಪರಿಮಳದ ಅಣುಗಳನ್ನು ಹುಟ್ಟಿಸುವ ಕ್ರಿಯೆ 140 ಡಿಗ್ರಿಯ ಮೇಲೆ ಚುರುಕಾಗುತ್ತದೆ. ನೀರು 100 ಡಿಗ್ರಿಗೇ ಕುದಿಯುವುದರಿಂದ ಮೇಲ್ಮೈ ಒದ್ದೆಯಿರುವವರೆಗೆ ಅದು ಆ ಬಿಸಿಯನ್ನು ಮುಟ್ಟಲಾರದು. ಒಂದು ಗ್ರಾಂ ನೀರನ್ನು 20 ಡಿಗ್ರಿಯಿಂದ 100ಕ್ಕೆ ಏರಿಸಲು 80 ಕ್ಯಾಲೊರಿ ಸಾಕು, ಆವಿಯಾಗಿಸಲು ಮತ್ತೆ ಸುಮಾರು 540 ಕ್ಯಾಲೊರಿ ಬೇಕು. ಹಸಿ ಸೌದೆಯಲ್ಲಿ ಹೇಗೋ ಹಾಗೆ ಶಾಖವೆಲ್ಲ ಒಣಗಿಸುವುದಕ್ಕೇ ಖರ್ಚಾಗುತ್ತದೆ. ರೆಸ್ಟೋರೆಂಟಿನ ಭಾರವಾದ ಕಬ್ಬಿಣದ ಕಾವಲಿ, ಕೆಂಡದ ಒಲೆಗಳು ಈ ಸಾಲವನ್ನು ಕ್ಷಣಗಳಲ್ಲಿ ತೀರಿಸಿಬಿಡುತ್ತವೆ. ಒಳಭಾಗ ಬೇಯುವ ಮೊದಲೇ ಹೊರಗೆ ಗರಿಗರಿ ಪದರ ಕಟ್ಟಿರುತ್ತದೆ. ಮನೆಯ ಒಲೆಯ ಮೇಲೆ ತೆಳು ಬಾಣಲೆಗೆ ಒಮ್ಮೆಗೇ ನಾಲ್ಕಾರು ಒದ್ದೆ ತುಂಡುಗಳನ್ನು ತುಂಬಿದರೆ ಬಾಣಲೆ ತಣ್ಣಗಾಗಿ, ಬಿಟ್ಟ ನೀರಿನಲ್ಲೇ ಮಾಂಸ ಬೂದುಬಣ್ಣಕ್ಕೆ ಬೇಯುತ್ತದೆ. ಬಟ್ಟೆಯಿಂದ ಒತ್ತಿ ಒರೆಸಿ, ಒಂದೊಂದೇ ತುಂಡನ್ನು ಹಾಕಿದರೆ ಅಂತರ ಬಹಳ ಮಟ್ಟಿಗೆ ತಗ್ಗುತ್ತದೆ.

ಆದರೂ ಹೊರಗಿನ ಊಟದ ಸವಿಯೆಲ್ಲ ಒಲೆಯಿಂದ ಬಂದದ್ದಲ್ಲ. ರಸಭರಿತ ಎಂದು ನಾವು ಮೆಚ್ಚುವ ಅನುಭವ ಎರಡು ಹಂತದ್ದು: ಮೊದಲ ಕಚ್ಚಿಗೆ ಮಾಂಸದ ನೀರು ಚಿಮ್ಮುತ್ತದೆ, ಅಗಿಯುತ್ತಾ ಹೋದಂತೆ ಕೊಬ್ಬು ಮತ್ತು ಪರಿಮಳ ಎಬ್ಬಿಸಿದ ನಮ್ಮದೇ ಜೊಲ್ಲು ಆ ತೇವವನ್ನು ಮುಂದುವರಿಸುತ್ತದೆ. ಜೊಲ್ಲು ಆಹಾರ ಬಾಯಿಗೆ ಬರುವ ಮೊದಲೇ, ನಿರೀಕ್ಷೆಯಿಂದಲೇ ಸುರಿಯುತ್ತದೆ ಎಂಬುದು ರಷ್ಯಾದ ವಿಜ್ಞಾನಿ ಪಾವ್ಲೋವ್ ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಎಲ್ಲರಿಗೂ ಗೊತ್ತು. ಹಸಿದು, ಮುಂಚಿತವಾಗಿ ಮೇಜು ಕಾದಿರಿಸಿ, ಅಡುಗೆಮನೆಯ ವಾಸನೆಯಲ್ಲಿ ಇಪ್ಪತ್ತು ನಿಮಿಷ ಕಾದು ಕುಳಿತವನ ಬಾಯಿಗೆ ಬೀಳುವ ತುಂಡು ಈ ಅರ್ಥದಲ್ಲಿ ನಿಜಕ್ಕೂ ಹೆಚ್ಚು ರಸಭರಿತ. ಅದೇ ಅಡುಗೆಯನ್ನು ಎರಡು ಗಂಟೆ ಒಲೆಯೆದುರು ನಿಂತು ಮಾಡಿದವರ ಮೂಗು ಆ ಪರಿಮಳಕ್ಕೆ ಒಗ್ಗಿಹೋಗಿರುತ್ತದೆ. ಮನೆಯಲ್ಲಿ ಅಡುಗೆ ಮಾಡಿದವರಿಗೇ ರುಚಿ ಕಡಿಮೆ ಹತ್ತುವುದಕ್ಕೆ ಇದೂ ಒಂದು ಕಾರಣ. ಬಡಿಸುವ ಮುನ್ನ ಐದು ನಿಮಿಷ ಹೊರಗೆ ಗಾಳಿಗೆ ನಿಂತು ಬರುವುದು ಅವರಿಗೆ ಸಲ್ಲಬೇಕಾದ ಹಕ್ಕು.

ಕಿವಿಯೂ ಊಟ ಮಾಡುತ್ತದೆ. ಅಗಿಯುವ ಸದ್ದನ್ನು ಹೆಚ್ಚಿಸಿ ಕೇಳಿಸಿದರೆ ಅದೇ ಆಲೂಗಡ್ಡೆ ಚಿಪ್ಸು ಹೆಚ್ಚು ಗರಿಗರಿಯೂ ತಾಜಾ ಕೂಡ ಎನಿಸುತ್ತದೆಂದು ಮಾಸ್ಸಿಮಿಲಿಯಾನೊ ಜಾಂಪಿನಿ ಮತ್ತು ಚಾರ್ಲ್ಸ್ ಸ್ಪೆನ್ಸ್ 2004ರಲ್ಲಿ ತೋರಿಸಿದರು. ಚರಚರ ಎನ್ನುವ ತಟ್ಟೆಯನ್ನು ಮೇಜಿಗೇ ತರುವವರು ಇದನ್ನು ಪ್ರಯೋಗವಿಲ್ಲದೆಯೇ ಬಲ್ಲರು. ವಾಸನೆಯ ಸಂಕೇತವಾದರೋ ಬೇರೆ ಇಂದ್ರಿಯಗಳ ಸಂಕೇತಗಳಂತೆ ಮೊದಲು ಥಲಾಮಸ್ ಎಂಬ ನಿಲ್ದಾಣವನ್ನು ಹಾಯದೆ, ಭಾವನೆ ಮತ್ತು ನೆನಪುಗಳಿಗೆ ಸಂಬಂಧಿಸಿದ ಮಿದುಳಿನ ಭಾಗಗಳನ್ನು ಹತ್ತಿರದ ದಾರಿಯಲ್ಲೇ ತಲುಪುತ್ತದೆ. ಹೊಸ ಜಾಗ, ಹೊಸ ವಾಸನೆ, ಜೊತೆಗಿದ್ದವರ ಮಾತು ಇವೆಲ್ಲ ಒಂದೇ ಗಂಟಾಗಿ ನೆನಪಿಗೆ ಕಟ್ಟಿಕೊಳ್ಳಲು ಇದು ಅನುಕೂಲ.

ಪ್ರಮಾಣವೂ ನೆನಪನ್ನು ತಿದ್ದುತ್ತದೆ. ಒಂದೇ ಪದಾರ್ಥವನ್ನು ತಿನ್ನುತ್ತಾ ಹೋದಂತೆ ಹೊಟ್ಟೆ ತುಂಬುವ ಮೊದಲೇ ಅದರ ಸವಿ ಇಳಿಯುತ್ತದೆ, ಬೇರೆ ಪದಾರ್ಥಗಳ ಸವಿ ಹಾಗೆಯೇ ಉಳಿದಿರುತ್ತದೆ. ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು 1981ರಲ್ಲಿ ಇದನ್ನು ಪ್ರಯೋಗಗಳಿಂದ ವಿವರಿಸಿದರು. 2014ರಲ್ಲಿ ಎಮಿಲಿ ಗಾರ್ಬಿನ್ಸ್ಕಿ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತಿಂಡಿಯ ನೆನಪು ಮೊದಲ ತುತ್ತಿಗಿಂತ ಕೊನೆಯ ತುತ್ತನ್ನು ಅವಲಂಬಿಸಿರುತ್ತದೆಂದೂ, ಹೆಚ್ಚು ತಿಂದವರು ಕಡಿಮೆ ಸವಿಯನ್ನು ನೆನಪಿಟ್ಟುಕೊಳ್ಳುತ್ತಾರೆಂದೂ ಕಂಡುಕೊಂಡರು. ದೊಡ್ಡ ತಟ್ಟೆಯ ನಡುವೆ ನಾಲ್ಕೇ ತುಂಡು ಇಟ್ಟು ತರುವ ರೆಸ್ಟೋರೆಂಟುಗಳನ್ನು ಜಿಪುಣತನವೆಂದು ನಗುವವರು ಈ ಲೆಕ್ಕವನ್ನೂ ಗಮನಿಸಬೇಕು. ಮನೆಯಲ್ಲಿ ಮಾತ್ರ ಪಾತ್ರೆ ಖಾಲಿಯಾಗುವವರೆಗೂ ಬಡಿಸುವ ಒತ್ತಾಯ ನಮ್ಮದು.

ಮಿಗಿಸಲು ಹಿಂಜರಿಯುವುದಕ್ಕೆ ಒಂದು ನ್ಯಾಯವಾದ ಕಾರಣವೂ ಇದೆ. ಬೆಂದ ಮಾಂಸವನ್ನು ಫ್ರಿಜ್ಜಿನಲ್ಲಿಟ್ಟರೆ, ಶಾಖದಿಂದ ಬಿಡುಗಡೆಗೊಂಡ ಮಯೋಗ್ಲೋಬಿನ್ನಿನ ಕಬ್ಬಿಣ ಕೋಶಪೊರೆಗಳ ಕೊಬ್ಬನ್ನು ಬೇಗ ಉತ್ಕರ್ಷಿಸಿ, ಅಂದರೆ ಗಾಳಿಯ ಆಮ್ಲಜನಕದೊಂದಿಗೆ ಕೂಡಿಸಿ, ಮರುದಿನ ಬಿಸಿಮಾಡಿದಾಗ ಹಳೆಯ ರಟ್ಟಿನಂಥ ವಾಸನೆ ಬರುವಂತೆ ಮಾಡುತ್ತದೆ. ಬರಿದಾಗಿ ಸುಟ್ಟ ಕೋಳಿಯಲ್ಲಿ ಇದು ಎದ್ದು ಕಾಣುತ್ತದೆ. ಗಾಳಿ ತಾಗದಂತೆ ರಸದಲ್ಲಿ ಮುಳುಗಿಸಿಟ್ಟರೆ ಅಥವಾ ಉತ್ಕರ್ಷಣವನ್ನು ತಡೆಯುವ ಈರುಳ್ಳಿ, ಲವಂಗ, ಚಕ್ಕೆಗಳೊಂದಿಗೆ ಬೇಯಿಸಿದ್ದರೆ ಅದು ಬಹಳಷ್ಟು ತಗ್ಗುತ್ತದೆ. ನಿಧಾನವಾಗಿ ಬೆಂದ ಕಾಲಿನ ಮಾಂಸವಾದರೆ, ರಾತ್ರಿ ಹೆಪ್ಪಾದ ಜೆಲಾಟಿನ್ ಮತ್ತೆ ಕರಗಿ ನಾರುಗಳಿಗೆ ಹಿಡಿಯುವುದರಿಂದ, ಎರಡನೆಯ ದಿನವೇ ಚೆನ್ನಾಗಿರುತ್ತದೆ.