ಕೆಂಪಾದ ಕ್ವಾರ್ಟರ್ ಲಾಟರಿ ಅಲ್ಲ

ಕೆಂಪು-ಕಂದು ಬಣ್ಣಕ್ಕೆ ತಿರುಗಿದ ಅಮೆರಿಕದ ಕ್ವಾರ್ಟರ್ (25 ಸೆಂಟಿನ ನಾಣ್ಯ) ಸಿಕ್ಕರೆ ಸಾಕು, 'ಟಂಕಸಾಲೆಯವರು ಮೇಲಿನ ಪದರ ಹಾಕೋದನ್ನೇ ಬಿಟ್ಟಿದ್ದಾರೆ, ಭಾರಿ ಬೆಲೆ ಬರುತ್ತೆ' ಅಂತ ಕುಣಿಯುವವರು ಜಾಸ್ತಿ. ಅಂಥ ತಪ್ಪು ನಾಣ್ಯಗಳು ಇವೆ, ನಿಜ. ಆದರೆ ಇಂಥ ಕೆಂಪು ನಾಣ್ಯಗಳಲ್ಲಿ ಹೆಚ್ಚಿನವು ಸುಮ್ನೆ ಮಣ್ಣಲ್ಲಿ ಬಿದ್ದು ಕೆಟ್ಟವು.

1964ರವರೆಗೆ ಕ್ವಾರ್ಟರಿನಲ್ಲಿ ಶೇ 90 ಬೆಳ್ಳಿ ಇತ್ತು. ಬೆಳ್ಳಿಗೆ ತತ್ವಾರ ಬಂತು, 1965ರಲ್ಲಿ ಕಾನೂನೇ ಬದಲಾಯಿತು. ಆದರೆ ಕಾಸು ನುಂಗಿ ತಿಂಡಿ ಕೊಡುವ ಯಂತ್ರಗಳು ಲೋಹದ ವಿದ್ಯುತ್ ಗುಣ ನೋಡಿ ನಾಣ್ಯ ಅಸಲಿಯೋ ನಕಲಿಯೋ ತೀರ್ಮಾನಿಸುತ್ತಿದ್ದವು. ಅದಕ್ಕೇ ತಾಮ್ರದ ತಿರುಳಿನ ಎರಡೂ ಬದಿಗೆ ತಾಮ್ರ-ನಿಕಲ್ ಮಿಶ್ರಲೋಹ ಹೊದಿಸಿ ಆ ಯಂತ್ರಗಳನ್ನು ಒಪ್ಪಿಸಿದರು. ಒಳ್ಳೇ ಉಪಾಯ, ಅಲ್ವಾ? ಕತ್ತರಿಸಿದ ಒಬ್ಬಟ್ಟಿನ ಅಂಚಲ್ಲಿ ಹೂರಣ ಇಣುಕುವ ಹಾಗೆ ಈ ನಾಣ್ಯದ ಅಂಚಲ್ಲಿ ತಾಮ್ರದ ಗೆರೆ ಕಾಣುತ್ತದೆ.

ಬೆಳ್ಳಗಿನ ಹೊದಿಕೆ ಎಂದರೆ ನಿಕಲ್ ಎಂದೇ ಅನೇಕರ ಲೆಕ್ಕ. ಅದರಲ್ಲೂ ಶೇ 75 ತಾಮ್ರವೇ! ಉಳಿದ ಶೇ 25 ನಿಕಲ್ ಇಡೀ ಪದರವನ್ನು ಬೆಳ್ಳಗೆ ತೋರಿಸುತ್ತದೆ. ಒದ್ದೆ ಮಣ್ಣಿನ ಉಪ್ಪು, ಆಮ್ಲ ವರ್ಷಗಟ್ಟಲೆ ತಾಗಿದರೆ ಮೇಲ್ಮೈಯಿಂದ ನಿಕಲ್ ಕರಗಿ ಹೋಗತೊಡಗುತ್ತದೆ. ಉಳಿದ ತಾಮ್ರ ಆಮ್ಲಜನಕ ಸೇರಿ ಕೆಂಪು-ಕಂದು ಆಕ್ಸೈಡ್ ಆಗುತ್ತದೆ. ಪದರ ಇದ್ದಲ್ಲೇ ಇದೆ, ಕೆಟ್ಟಿದ್ದು ಅದರ ಮೈಬಣ್ಣ.

ಅನುಮಾನ ಇದ್ದರೆ ತೂಕ ಹಾಕಿ. ಸರಿಯಾದ ಕ್ವಾರ್ಟರ್ 5.67 ಗ್ರಾಂ. ಒಂದೊಂದು ಪದರವೂ ಅದರಲ್ಲಿ ಸುಮಾರು ಆರನೇ ಒಂದು ಪಾಲು. ಹಾಗಾಗಿ ಒಂದು ಪದರ ಇಲ್ಲದ ನಾಣ್ಯ 4.7 ಗ್ರಾಂ ಆಸುಪಾಸು ತೂಗಬೇಕು, ಎರಡೂ ಇಲ್ಲದ್ದು 3.8. ನಿಮ್ಮ ಕೆಂಪು ನಾಣ್ಯ 5.6 ತೋರಿಸಿದರೆ ಕಥೆ ಅಲ್ಲಿಗೇ ಮುಗಿಯಿತು.

ಆಮ್ಲ ತಿಂದ ನಾಣ್ಯವೂ ಹಗುರವಾಗುತ್ತದೆ ಅನ್ನಬಹುದು. ಹೌದು, ಅದಕ್ಕೇ ಭೂತಗನ್ನಡಿ ಬೇಕು. ಪದರ ತಪ್ಪಿದ ನಾಣ್ಯದಲ್ಲಿ ಸಾಮಾನ್ಯವಾಗಿ ಒಂದು ಬದಿ ಮಾತ್ರ ತಾಮ್ರ, ಇನ್ನೊಂದು ಬದಿ ಬೆಳ್ಳಗೆ. ತಾಮ್ರದ ಬದಿಯೂ ನುಣುಪಾಗಿರುತ್ತದೆ. ಮಣ್ಣಿನದಾದರೆ ಎರಡೂ ಬದಿ, ಅಂಚು ಎಲ್ಲ ಒಂದೇ ಬಣ್ಣಕ್ಕೆ ಬಂದಿರುತ್ತವೆ. ಮೈ ತುಂಬ ಸಣ್ಣ ಸಣ್ಣ ಗುಳಿ, ಅಕ್ಷರಗಳ ಸಂದಿಯಲ್ಲಿ ಹಸಿರು ಕಿಲುಬು.

ಒಂದು ಮಾತು. ನೋಡುವ ಮೊದಲು ಹುಣಸೆಹುಳಿ ಹಾಕಿ ತಿಕ್ಕಲು ಹೋಗಬೇಡಿ. ಆಕ್ಸೈಡು, ಕಿಲುಬು ಎರಡೂ ಹುಳಿಗೆ ಬಿಟ್ಟುಕೊಳ್ಳುತ್ತವೆ, ಆಮೇಲೆ ನೋಡಲು ಏನೂ ಉಳಿಯುವುದಿಲ್ಲ.