ಎಲೆಯಿಂದ ಗುಳಿಗೆಯವರೆಗೆ: ಮಲೇರಿಯಾ ಮತ್ತು ಗಿಡಮೂಲಿಕೆಗಳ ಗೋಜಲು

ಮಲೇರಿಯಾಕ್ಕೆ ಗಿಡಮೂಲಿಕೆಯ ಕಷಾಯವೇ ಸಾಕು ಎನ್ನುವವರೂ, ಗಿಡಮೂಲಿಕೆಯೆಂದರೆ ಬರೀ ನಂಬಿಕೆ ಎನ್ನುವವರೂ ಇಂದು ಒಂದೇ ಗಿಡವನ್ನು ಸಾಕ್ಷಿಗೆ ಕರೆಯುತ್ತಾರೆ. ಅದು ಚೀನೀಯರು ಚಿಂಗ್‌ಹಾವೊ ಎಂದು ಕರೆಯುವ ಆರ್ಟಿಮಿಸಿಯಾ ಆನುವಾ. ಎರಡೂ ಕಡೆಯವರು ಅದರ ಕಥೆಯ ಅರ್ಧವನ್ನಷ್ಟೇ ಹೇಳುತ್ತಿದ್ದಾರೆ.

ಈ ಕಥೆಯ ಹಿಂದಿನ ಅಧ್ಯಾಯ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಸಿಂಕೋನಾ ಮರದ್ದು. 17ನೇ ಶತಮಾನದಲ್ಲಿ ಯುರೋಪ್ ತಲುಪಿದ ಅದರ ತೊಗಟೆಯಿಂದ 1820ರಲ್ಲಿ ಫ್ರಾನ್ಸಿನ ವಿಜ್ಞಾನಿಗಳಾದ ಪೆಲೆಟಿಯೆ ಮತ್ತು ಕವಾಂಟು ಮಲೇರಿಯಾದ ಔಷಧವಾದ ಕ್ವಿನೈನನ್ನು ಬೇರ್ಪಡಿಸಿದರು. ಜಾವಾದ ತೋಟಗಳು ಜಗತ್ತಿಗೆ ಅದನ್ನು ಒದಗಿಸಿದವು. 1942ರಲ್ಲಿ ಜಾವಾ ಜಪಾನಿನ ವಶವಾದಾಗ ಆ ಪೂರೈಕೆ ಕಡಿಯಿತು. ಬಳಿಕ ಬಂದ ಕೃತಕ ಔಷಧ ಕ್ಲೋರೋಕ್ವಿನ್‌ಗೂ ಬಗ್ಗದ ರೋಗಾಣುಗಳು 1950ರ ದಶಕದ ಕೊನೆಗೆ ತಲೆಯೆತ್ತಿದವು.

ವಿಯೆಟ್ನಾಂ ಯುದ್ಧದ ಕಾಡುಗಳಲ್ಲಿ ಮಲೇರಿಯಾದಿಂದ ಸೈನಿಕರು ನೆಲಕಚ್ಚುತ್ತಿದ್ದಾಗ, ಚೀನಾ 1967ರ ಮೇ 23ರಂದು ಗುಪ್ತ ಸಂಶೋಧನಾ ಯೋಜನೆಯೊಂದನ್ನು ಆರಂಭಿಸಿತು. ಆ ದಿನಾಂಕದಿಂದಲೇ ಅದಕ್ಕೆ 523 ಎಂಬ ಹೆಸರು ಬಂತು. 1969ರಲ್ಲಿ ಸೇರಿದ ವಿಜ್ಞಾನಿ ಟು ಯೂಯೂ ಅವರ ತಂಡ ಎರಡು ಸಾವಿರ ಔಷಧ ವಿಧಾನಗಳನ್ನು ಕಲೆಹಾಕಿತು. ಚಿಂಗ್‌ಹಾವೊ ಒಮ್ಮೆ ಫಲ ಕೊಟ್ಟರೆ ಮತ್ತೊಮ್ಮೆ ಕೈಕೊಡುತ್ತಿತ್ತು. ಕೊನೆಗೆ ದಾರಿ ತೋರಿದ್ದು 4ನೇ ಶತಮಾನದ ವೈದ್ಯ ಗೆ ಹಾಂಗ್ ಬರೆದಿಟ್ಟ ಒಂದು ಸಾಲು: ಒಂದು ಹಿಡಿ ಸೊಪ್ಪನ್ನು ನೀರಿನಲ್ಲಿ ನೆನೆಸಿ, ಹಿಂಡಿ, ರಸವನ್ನು ಕುಡಿಯಬೇಕು. ಅಲ್ಲಿ ಕುದಿಸುವ ಮಾತೇ ಇಲ್ಲ. ಶಾಖದಿಂದಲೇ ಸತ್ವ ಕೆಡುತ್ತಿರಬಹುದೆಂದು ಊಹಿಸಿದ ಟು, ಕಡಿಮೆ ಉಷ್ಣದಲ್ಲಿ ಕುದಿಯುವ ಈಥರ್ ಬಳಸಿ ಸಾರ ತೆಗೆದರು. 1971ರ ಅಕ್ಟೋಬರಿನಲ್ಲಿ 191ನೇ ಮಾದರಿ ಇಲಿಗಳಲ್ಲಿ ರೋಗಾಣುಗಳನ್ನು ಪೂರ್ತಿಯಾಗಿ ಅಡಗಿಸಿತು. ಮರುವರ್ಷ ಸುರಕ್ಷತೆ ಪರೀಕ್ಷಿಸಲು ಅವರೂ ಸಹೋದ್ಯೋಗಿಗಳೂ ಅದನ್ನು ತಾವೇ ಸೇವಿಸಿದರು. 2015ರಲ್ಲಿ ಅವರಿಗೆ ನೊಬೆಲ್ ಬಂತು. ಹಳೆಯ ಆ ಸಾಲಿಲ್ಲದೆ ಪ್ರಯೋಗಾಲಯ ಇಲ್ಲಿಗೆ ತಲುಪುತ್ತಿರಲಿಲ್ಲವೇನೋ. ಆದರೆ ಪ್ರಯೋಗಾಲಯವಿಲ್ಲದೆ ಆ ಸಾಲು ಎಷ್ಟು ಜೀವ ಉಳಿಸೀತು ಎಂಬುದನ್ನೂ ಕೇಳಲೇಬೇಕು.

ರೋಗಾಣುಗಳನ್ನು ಅಡಗಿಸುವ ಆ ಸತ್ವವೇ ಆರ್ಟಿಮಿಸಿನಿನ್. ಎಲೆಯಲ್ಲಿನ ಅದರ ಪ್ರಮಾಣ ಗಿಡದಿಂದ ಗಿಡಕ್ಕೆ ಬದಲಾಗುತ್ತದೆ, ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ. ಕಷಾಯದಿಂದ ಜ್ವರ ಇಳಿದರೂ ಉಳಿದ ರೋಗಾಣುಗಳು ಮರಳಬಹುದು, ಔಷಧಕ್ಕೆ ಒಗ್ಗಿಕೊಳ್ಳಲೂಬಹುದು. ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆ ಕಷಾಯವನ್ನು ಚಿಕಿತ್ಸೆಯೆಂದು ಬೆಂಬಲಿಸುವುದಿಲ್ಲ. ಆರ್ಟಿಮಿಸಿನಿನ್ ಗುಳಿಗೆಯನ್ನೂ ಇನ್ನೊಂದು ಔಷಧದ ಜೊತೆಗೇ ಕೊಡಬೇಕೆನ್ನುತ್ತದೆ. ಇಷ್ಟಾದರೂ ಕಾಂಬೋಡಿಯಾದಲ್ಲಿ ಆರ್ಟಿಮಿಸಿನಿನ್‌ಗೂ ಪ್ರತಿರೋಧ ಕಾಣಿಸಿಕೊಂಡಿದೆ.

ಕೀಟಗಳ ಕಥೆಯೂ ಇದೇ ಜಾಡಿನದು. ಪೈರೆಥ್ರಮ್ ಸೇವಂತಿಗೆಯ ಹೂವಿನ ಪುಡಿಯನ್ನು ಮಾದರಿಯಾಗಿಸಿಕೊಂಡ ಕೃತಕ ಕೀಟನಾಶಕಗಳಾದ ಪೈರೆಥ್ರಾಯ್ಡ್‌ಗಳು ಸೊಳ್ಳೆಪರದೆಗೆ ಬಂದವು. ಅವಕ್ಕೂ ಸೊಳ್ಳೆಗಳು ಒಗ್ಗಿಕೊಂಡವು. ಗಿಡಮೂಲಿಕೆಯ ಹಳೆಯ ಅರಿವು ಯಾರದೆಂಬ ಪ್ರಶ್ನೆಯೂ ಇದೆ. ಬೇವಿನೆಣ್ಣೆಯಿಂದ ಶಿಲೀಂಧ್ರ ತಡೆಯುವ ವಿಧಾನಕ್ಕೆ 1994ರಲ್ಲಿ ಯುರೋಪಿನಲ್ಲಿ ಪೇಟೆಂಟ್ ಸಿಕ್ಕಾಗ, ಇದು ರೈತರಿಗೆ ಮೊದಲೇ ತಿಳಿದದ್ದೆಂಬ ವಾದ ಎದ್ದಿತು. 2000ದಲ್ಲಿ ರದ್ದಾದ ಪೇಟೆಂಟ್, 2005ರ ಮೇಲ್ಮನವಿಯಲ್ಲೂ ಉಳಿಯಲಿಲ್ಲ.